ಊರ ಗಡಿ ದಾಟದ ಕಾಯಿಲೆ

ತಂಗಿಯ ರಕ್ತದಲ್ಲಿ ಎಚ್‌ಐವಿ ವೈರಸ್ ಕಾಣುತ್ತಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದ ದಿನ ನಮ್ಮವ್ವ ನಮ್ಮೂರು ಇಟ್ಟಿಗಿಯ ಓಣಿಗೆಲ್ಲ ಸಕ್ಕರೆ ಹಂಚಿದಳು. ಯಾಕೆಂದು ಕೇಳಿದವರಿಗೆ ಮಗಳ ಜ್ವರ ಬಿಟ್ಟಿತು ಎಂದಳಂತೆ. ಗಂಡನಿಂದ ಬಂದ ಕಾಯಿಲೆ. ಅವನು ಸತ್ತ ಮೇಲೆ ತಂಗಿ ತವರಿಗೆ ಬಂದು, ದಿನಾ ಗುಳಿಗೆ ನುಂಗುತ್ತ, ಮತ್ತೆ ಮೈಕೈ ತುಂಬಿಕೊಂಡಿದ್ದಳು.

ನಮ್ಮ ಕಡೆ ಮೈಮೇಲೆ ಅಮ್ಮ ಎದ್ದರೆ, ಗುಳ್ಳೆ ಒಣಗಿದ ಮೇಲೆ ಮೊಸರನ್ನ, ಬೇವಿನ ಸೊಪ್ಪು ಇಟ್ಟು ಆಕೆಯನ್ನು ಊರ ಗಡಿಗೆ ಕಳಿಸಿ ಬರುತ್ತಾರೆ. ಹೋದ ಅಮ್ಮ ಅದೇ ಮೈಗೆ ಮತ್ತೆ ಬರುವುದಿಲ್ಲವೆಂಬ ನಂಬಿಕೆ. ಅವ್ವ ಇದಕ್ಕೂ ಹಾಗೇ ಗಡಿಗೆ ಎಡೆ ಇಟ್ಟು ಬಂದಳು. ಗುಳಿಗೆಯ ಡಬ್ಬಿ ಅಟ್ಟ ಸೇರಿತು. ತಂಗಿಗೂ ಅದೇ ಬೇಕಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂದುಕೊಂಡಿರಬೇಕು, ದಾಟಿದ್ದಾದರೂ ಎಲ್ಲಿ! ಕೊಟ್ಟೂರಿನಲ್ಲಿದ್ದ ನನಗೆ ಇಬ್ಬರೂ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಬೈಸಿಕೊಳ್ಳುತ್ತಿದ್ದರು, ನನ್ನ ಬಾಯಿ ಅಂಥದ್ದು.

ಸಂಕ್ರಾಂತಿಗೆ ಹೋದಾಗ ಅವಳನ್ನು ನೋಡಿದೆ. ಬಾಯೊಳಗೆ ಬಿಳಿ ಬೂಸಲು, ಬಿಡದ ಕೆಮ್ಮು, ಗಳಕ್ಕೆ ಸುತ್ತಿದಂಥ ಸೀರೆ. ರೊಟ್ಟಿಯ ಚೂರು ನುಂಗಲಾರದೆ ಅಳುತ್ತಿದ್ದಳು. ಡಬ್ಬಿಯ ವಿಷಯ ಆಗ ಹೊರಬಿತ್ತು. ಬೈದೆ, ಬೈಯುತ್ತಲೇ ನಾನೂ ಅತ್ತೆ. ಮರುದಿನ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಕ್ಷಯ ಹಿಡಿದಿದೆ ಎಂದರು ಡಾಕ್ಟರಮ್ಮ. ಅವ್ವನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ರಕ್ತದಲ್ಲಿ ಸಿಡಿ ಫೋರ್ ಎಂಬ ಬಿಳಿ ಕಣಗಳಿವೆ. ರೋಗ ಬಂದಾಗ ಉಳಿದ ಕಣಗಳನ್ನು ಕಾದಾಟಕ್ಕೆ ಕರೆಯುವ ಕೆಲಸ ಅವುಗಳದು. ಎಚ್‌ಐವಿ ಹೊಕ್ಕು ಕೂಡುವುದೇ ಅವುಗಳೊಳಗೆ. ಅಲ್ಲೇ ಹೆಚ್ಚಿ, ಅವನ್ನೇ ಕೊಲ್ಲುತ್ತದೆ. ಕರೆಯುವವರೇ ಇಲ್ಲವಾದರೆ ಬಾಯಿಯ ಬೂಸಲೂ ಮೈಯೇರಿ ಕೂರುತ್ತದೆ. ಗುಳಿಗೆ ವೈರಸ್ಸನ್ನು ಹೆಚ್ಚದಂತೆ ಹಿಡಿದಿಡುತ್ತದೆ, ಅಷ್ಟೇ. ಪರೀಕ್ಷೆಗೆ ಕಾಣದಿದ್ದರೂ ಕೆಲವು ಕಣಗಳಲ್ಲಿ ಅದು ಅಡಗಿ ಮಲಗಿರುತ್ತದೆ. ಗುಳಿಗೆ ಬಿಟ್ಟರೆ ಏಳುತ್ತದೆ.



"ಹಂದಿ ಬಂತು ಅಂತ ಕೂಗಾವನ್ನ ಕೊಂದ್ರ, ಹೊಲ ಹೆಂಗ ಉಳಿತೈತ್ರಿ?" ಎಂದಳು ಅವ್ವ.

ಮೊದಲು ಕ್ಷಯದ ಮದ್ದು, ಅದರ ಬೆನ್ನಿಗೇ ಬಿಟ್ಟಿದ್ದ ಗುಳಿಗೆ ಶುರುವಾದವು. ತಂಗಿ ಏಳುತ್ತಾಳೋ ಇಲ್ಲವೋ ಎಂಬ ಭಯ ಮಳೆಗಾಲದವರೆಗೂ ನನ್ನನ್ನು ಬಿಡಲಿಲ್ಲ. ಪುಣ್ಯ, ಎದ್ದಳು.

ಮೊನ್ನೆ ಹೋಗಿದ್ದೆ. ವೈರಸ್ ಕಾಣುತ್ತಿಲ್ಲ ಎಂದು ಆಸ್ಪತ್ರೆಯಲ್ಲಿ ಮತ್ತೆ ಹೇಳಿದ್ದರು. ಈ ಸಲ ಸಕ್ಕರೆ ಹಂಚಲಿಲ್ಲವೇ ಎಂದು ಅವ್ವನನ್ನು ಕೆಣಕಿದೆ. ಅವಳು ಮೂವರಿಗೂ ತಾಟು ಹಾಕಿದಳು. ನನ್ನದೂ ತಂಗಿಯದೂ ಊಟ ಮುಗಿಯಿತು. ಅವ್ವ ರೊಟ್ಟಿ ಮುಟ್ಟಿರಲಿಲ್ಲ.

"ಉಣ್ಣು ಬೇ, ಆರಿ ಹೋತು," ಎಂದೆ.

"ಅಕಿ ಗುಳಿಗಿ ನುಂಗ್ಲಿ. ಆಮ್ಯಾಲ ನಂದು."

ದಿನಾ ಹೀಗೇ ಅಂತೆ. ತಂಗಿ ಗುಳಿಗೆ ನುಂಗಿ, ನೀರು ಕುಡಿದು, ಕೂಸಿನ ಹಾಗೆ ಬಾಯಿ ತೆರೆದು ತೋರಿಸಿದಳು. ಅವ್ವ ಬಗ್ಗಿ ನೋಡಿದಳು. ಆಮೇಲೆ ರೊಟ್ಟಿ ಮುರಿದಳು.