ಲಿಯಾಕತ್ ಅಲಿಯವರ ಗೆರೆ

ಗುಂಡ್ಲುಪೇಟೆಯಲ್ಲಿ ಬೋರ್ಡು ಬರೆಯುವ ಲಿಯಾಕತ್ ಅಲಿ ಇಂಗ್ಲಿಷ್ ಪದಗಳ ನಡುವಿನ ಹೈಫನ್ನನ್ನು ಕೊನೆಗೆ, ಉಸಿರು ಬಿಗಿಹಿಡಿದು ಎಳೆಯುತ್ತಾರೆ. ‘ಫುಲ್-ಟೈಮ್ ಡಾಕ್ಟರ್’ಗೆ ಗೆರೆ ಬೇಕು, ‘ಡಾಕ್ಟರ್ ವರ್ಕ್ಸ್ ಫುಲ್ ಟೈಮ್’ ಎಂದರೆ ಬೇಡ. “ಒಂದ್ ಗೀಟು ತಾನೆ, ಬುಡು ಅಲಿಯಣ್ಣ, ಬಸ್ ಓಯ್ತದೆ,” ಎಂದು ಬೋರ್ಡು ಒಯ್ಯಲು ಬಂದ ಹಂಗಳದ ಶಂಕರ್ ಅವಸರಪಡಿಸಿದರೆ, “ಎಲ್ಡ್ ಪದಾನೂ ಸೇರಿ ಮುಂದಿನ್ ಪದಕ್ಕೆ ದುಡ್ಯೋವಾಗ ಕೈ ಹಿಡ್ಕಬೇಕು ಕಣ್ಲಾ, ಅದ್ರ ಹಿಂದ್ಕೆ ಬಂದ್ರೆ ಕೈ ಬುಟ್ಬುಡಬೇಕು,” ಎನ್ನುತ್ತಾರೆ. ಬಿಡುವುದು ಮಾತ್ರ ಅವರಿಗೇ ಬಾರದು. ಹೆಂಡತಿ ಆಮಿನಾ ತೀರಿಕೊಂಡಂದಿನಿಂದ, ದಿನವೂ ರಾತ್ರಿ ತಮ್ಮ ಮಂಚದಿಂದ ಅವಳ ಖಾಲಿ ಮಂಚದವರೆಗೆ ನೆಲದ ಮೇಲೆ ಸುಣ್ಣದಲ್ಲಿ ಬಿಳಿ ಗೆರೆ ಎಳೆಯುತ್ತಾರೆ. ಮಗಳು ಜೋಯಾ ಬೆಳಿಗ್ಗೆ ಒರೆಸುತ್ತಾಳೆ. ತಂದೆ ಚಾಮರಾಜನಗರದ ಆಸ್ಪತ್ರೆ ಸೇರಿದ ಮೂರನೆಯ ಬೆಳಿಗ್ಗೆ, ಬೀಗ ಹಾಕಿದ್ದ ಆ ಕೋಣೆಯಲ್ಲಿ ಜೋಯಾ ಹಸಿ ಗೆರೆಯೊಂದನ್ನು ಕಂಡಳು. ಅದು ತಾಯಿಯ ಮಂಚದ ಕಡೆಯಿಂದ ಹೊರಟಿತ್ತು. ತಂದೆಯ ಮಂಚ ಮುಟ್ಟಲು ಇನ್ನೊಂದು ಗೇಣು ಬಾಕಿಯಿತ್ತು.