ಪಟ್ಟಿಯಲ್ಲಿ ಇಲ್ಲದ ಪಟ್ಟಿಯಕ್ಕ

ಬೆಳಗಿನ ಐದೂಕಾಲು. ಹೊಸ ಜೆಟ್ಟಿಯ ಮೂರನೇ ಮೆಟ್ಟಿಲ ಮೇಲೆ ಆಕೆ ಆಗಲೇ ಬಂದು ಕೂತಿದ್ದಾರೆ. ತೊಡೆಯ ಮೇಲೆ ಒಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆಗಳು, ದಾರದಿಂದ ಕಟ್ಟಿದ ಪೆನ್ನು. ದಾರ ಯಾಕೆಂದರೆ, ಈ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಇದೇ ಮೆಟ್ಟಿಲಿಂದ ನಾಲ್ಕು ಪೆನ್ನು ನೀರುಪಾಲಾದವಂತೆ. ಆರು ಗಂಟೆಗೆ ದೋಣಿಗಳು ಹೊರಟರೆ ಗಂಡಸರು ಕೈಗೆ ಸಿಗುವುದಿಲ್ಲ. ಅಷ್ಟರೊಳಗೆ ಹಿಡಿಯಬೇಕು.

"ತಟ್ಟೆ ಎಷ್ಟಪ್ಪಾ?" ಬಲೆ ಹೊತ್ತು ಮೆಟ್ಟಿಲಿಳಿಯುವವನನ್ನು ತಡೆದು ಕೇಳುತ್ತಾರೆ.

"ಏಳು ಅಕ್ಕಾ. ಅದ್ರಲ್ಲಿ ಒಂದು ಮಗುಚಿಟ್ಟಿದೀವಿ. ತಮ್ಮಂದು, ದೊಡ್ಡ ದೋಣೀಲಿ ಹೋಗಿ ಹದಿನೈದು ದಿನ ಆಯ್ತು."

"ತಟ್ಟೆ ಇಲ್ದೋರು ಯಾರಾದ್ರೂ?"

"ಪಾಪು ಒಂದಿದೆಯಲ್ಲ."

"ಹಾಗಾದ್ರೆ ಎಂಟು. ಇಲ್ಲೊಂದು ಸೈನ್ ಹಾಕಿ ಹೋಗು."

ಈ ದ್ವೀಪದಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಆಕೆಯನ್ನು ಕರೆಯುವುದು ಪಟ್ಟಿಯಕ್ಕ ಎಂದೇ. ವಯಸ್ಸು ಐವತ್ತೆರಡು. ಹತ್ತೊಂಬತ್ತು ವರ್ಷಗಳಿಂದ ಸರ್ಕಾರದ ಎಣಿಕೆ ಯಾವುದೇ ಇರಲಿ, ಜನರದ್ದು, ಮನೆಗಳದ್ದು, ದೋಣಿಗಳದ್ದು, ಬಾವಿಗಳದ್ದು, ಮನೆಮನೆಗೆ ಹೋಗುವುದು ಈಕೆಯೇ. ಒಂದೊಂದು ಸಲವೂ ನಲವತ್ತೈದು ದಿನದ ತಾತ್ಕಾಲಿಕ ಆದೇಶ. ನಲವತ್ತಾರನೇ ದಿನ ಈಕೆ ಯಾರೋ, ಸರ್ಕಾರ ಯಾರೋ.

ಕುಳಿತಲ್ಲೇ ತೋಚಿದ್ದು ಬರೆದುಕೊಂಡು ಹೋಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈಕೆಯ ಕ್ರಮವೇ ಬೇರೆ. ಮನೆಯಲ್ಲಿ ಎಷ್ಟು ಜನ ಎಂದು ಈಕೆ ಕೇಳುವುದೇ ಇಲ್ಲ. ಹಾಗೆ ಕೇಳಿದರೆ ಜನ ಎದುರಿಗೆ ಕಂಡವರನ್ನು ಮಾತ್ರ ಎಣಿಸುತ್ತಾರೆ. ಒಳಕೋಣೆಯಲ್ಲಿ ಮಲಗಿರುವ ಮುದುಕಿ ಬಿಟ್ಟುಹೋಗುತ್ತಾಳೆ, ಸಮುದ್ರಕ್ಕೆ ಹೋದ ಮಗ ಬಿಟ್ಟುಹೋಗುತ್ತಾನೆ. ತಟ್ಟೆ ಎಷ್ಟು ಎಂದರೆ ಯಾರೂ ತಪ್ಪುವುದಿಲ್ಲ. ದೊಡ್ಡ ದೋಣಿಗೆ ಹೋದವರ ತಟ್ಟೆಯನ್ನು ಇಲ್ಲಿನವರು ತೊಳೆದು, ಮಗುಚಿ, ಅದರ ಜಾಗದಲ್ಲೇ ಇಡುತ್ತಾರೆ. ಅವರು ವಾಪಸು ಬರುವವರೆಗೆ ಅದನ್ನು ಬೇರೆಯವರು ಮುಟ್ಟುವಂತಿಲ್ಲ. ಕೊನೆಯಲ್ಲಿ ತಟ್ಟೆ ಇಲ್ಲದವರು, ಅಂದರೆ ಹಾಲು ಕುಡಿಯುವ ಕೂಸುಗಳು. ಅಲ್ಲಿಗೆ ಲೆಕ್ಕ ಚೊಕ್ಕ. ಇದನ್ನು ಯಾವ ತರಬೇತಿಯಲ್ಲಿ ಹೇಳಿಕೊಟ್ಟರು ಎಂದರೆ ನಗುತ್ತಾರೆ. ತರಬೇತಿಯಲ್ಲಿ ಬಿಸ್ಕತ್ತು ಕೊಟ್ಟರಂತೆ, ಅಷ್ಟೇ ನೆನಪು.

ಆದರೆ ಈ ಬೆಳಗಿನ ಎಣಿಕೆಗೆ ಯಾವ ಆದೇಶವೂ ಇಲ್ಲ. ಯಾರೂ ಆಕೆಯನ್ನು ಕಳಿಸಿಲ್ಲ. ಸರ್ಕಾರ ಒಮ್ಮೆ ಆಕೆಯಿಂದಲೇ ಎಣಿಸಿ, ಒಪ್ಪಿಸಿಕೊಂಡು, ಕಳೆದುಹಾಕಿದ ಜನರನ್ನು ಆಕೆ ಎರಡನೇ ಸಲ ಎಣಿಸುತ್ತಿದ್ದಾರೆ. ಹೌದು, ಕಳೆದುಹಾಕಿದ ಎಂದೇ ಬರೆಯುತ್ತಿದ್ದೇನೆ. ಇದಕ್ಕಿಂತ ಮೆತ್ತಗಿನ ಮಾತು ನನಗೆ ಸಿಗುತ್ತಿಲ್ಲ, ಹುಡುಕುವ ಮನಸ್ಸೂ ಇಲ್ಲ.

ನಡೆದದ್ದು ಇಷ್ಟು. ದ್ವೀಪಕ್ಕೆ ಎರಡು ಜೆಟ್ಟಿ. ಒಂದು ತುದಿಯಲ್ಲಿ ಹಳೇ ಜೆಟ್ಟಿ, ಇನ್ನೊಂದು ತುದಿಯಲ್ಲಿ ಹೊಸ ಜೆಟ್ಟಿ. ಹೊಸದು ಎಂಬ ಹೆಸರೇ ಹೊರತು ಅದಕ್ಕೂ ಅರವತ್ತು ತುಂಬಿದೆ. ಹಳೇ ಜೆಟ್ಟಿಯವರ ಕಣ್ಣಿಗೆ ಮಾತ್ರ ಹೊಸ ಜೆಟ್ಟಿಯವರು ಈಗಲೂ ನಿನ್ನೆ ಬಂದವರು. ಎರಡೂ ಕಡೆ ಮನೆಗಳ ನಂಬರು ಅವರವರ ಜೆಟ್ಟಿಯಿಂದ ಶುರುವಾಗುತ್ತದೆ. ಹಳೇ ಜೆಟ್ಟಿಯಲ್ಲಿ ಒಂದರಿಂದ ಇನ್ನೂರ ಹದಿನಾಲ್ಕು, ಹೊಸ ಜೆಟ್ಟಿಯಲ್ಲಿ ಒಂದರಿಂದ ನೂರ ಮೂವತ್ತೊಂದು. ಅಂದರೆ ಇಲ್ಲಿ ಒಂದನೇ ನಂಬರಿನ ಮನೆ ಎರಡು, ಐವತ್ತನೇ ನಂಬರಿನದೂ ಎರಡು. ಇದರಿಂದ ಯಾರಿಗೂ ಯಾವತ್ತೂ ತೊಂದರೆಯಾಗಿಲ್ಲ. ಅಂಚೆಯವನು ಕೂಡ ಮನೆ ತಪ್ಪಿದ್ದಿಲ್ಲ.

ಎಣಿಕೆಯ ಫಾರಂನಲ್ಲಿ ಯಾವ ಜೆಟ್ಟಿ ಎಂದು ಬರೆಯಲು ಜಾಗವಿಲ್ಲ. ಕೊನೆಯಲ್ಲಿ, ಬೇರೇನಾದರೂ ಹೇಳುವುದಿದ್ದರೆ ಬರೆಯಲಿಕ್ಕೆ, 'ಷರಾ' ಎಂಬ ಒಂದು ಕಿರು ಅಂಕಣ ಇದೆ. ಪಟ್ಟಿಯಕ್ಕ ಮುನ್ನೂರ ನಲವತ್ತೈದು ಫಾರಂಗಳ ಷರಾದಲ್ಲೂ ಒಂದನ್ನೂ ಬಿಡದೆ ಹಳೇ ಜೆಟ್ಟಿ, ಹೊಸ ಜೆಟ್ಟಿ ಎಂದು ಬರೆದಿದ್ದಾರೆ. ಹಿಂದಿನ ಎಣಿಕೆಗಳಲ್ಲೂ ಬರೆದಿದ್ದರು. ಆಗ ಕಾಗದವನ್ನು ಕೈಯಲ್ಲಿ ಹಿಡಿದು ಓದಿ ಕೂಡುವವರು ಇದ್ದರು. ಈ ಸಲ ಎಲ್ಲವೂ ಕಂಪ್ಯೂಟರಿಗೆ. ಕಂಪ್ಯೂಟರಿನಲ್ಲಿ ಷರಾ ಅಂಕಣವೇ ಇಲ್ಲ. ಒಂದೇ ದ್ವೀಪದಲ್ಲಿ ಒಂದೇ ನಂಬರಿನ ಎರಡೆರಡು ಮನೆ ಕಂಡದ್ದೇ ತಡ, ಎರಡು ಸಲ ನಮೂದಾಗಿದೆ ಎಂದು ಎರಡನೆಯದನ್ನು ತೆಗೆದುಹಾಕಿದರು. ನೂರ ಮೂವತ್ತೊಂದು ಮನೆ. ಏಳುನೂರ ಎಂಬತ್ತಾರು ಜನ. ಒಂದು ಫೋನ್ ಮಾಡಿ ಕೇಳಬೇಕೆಂದು ಒಬ್ಬ ಪುಣ್ಯಾತ್ಮನಿಗೂ ಅನ್ನಿಸಲಿಲ್ಲ.

ಹತ್ತು ವರ್ಷದ ಹಿಂದೆ ದ್ವೀಪದ ಜನಸಂಖ್ಯೆ ಸಾವಿರದ ಎಂಟುನೂರ ಹನ್ನೆರಡು. ಪಟ್ಟಿಯಕ್ಕ ಈ ಸಲ ಎಣಿಸಿ ಒಪ್ಪಿಸಿದ್ದು ಎರಡು ಸಾವಿರದ ಐವತ್ತಮೂರು. ಸರ್ಕಾರ ಅಚ್ಚು ಹಾಕಿಸಿದ್ದು ಸಾವಿರದ ಇನ್ನೂರ ಅರವತ್ತೇಳು. ದ್ವೀಪದ ಮುಂದಿನ ಹತ್ತು ವರ್ಷದ ಬೆಳವಣಿಗೆಯ ಯೋಜನೆ ಎಂಬ ದಪ್ಪ ಪುಸ್ತಕದಲ್ಲಿ, ಬಣ್ಣದ ನಕ್ಷೆಯ ಕೆಳಗೆ, ಈ ದ್ವೀಪ ಶೇಕಡ ಮೂವತ್ತರಷ್ಟು ಕುಗ್ಗಿದೆ, ಜನ ಗುಳೆ ಹೋಗುತ್ತಿದ್ದಾರೆ ಎಂದು ಬರೆದುಬಿಟ್ಟಿದ್ದಾರೆ. ಬೆಳೆಯುತ್ತಿರುವ ಊರನ್ನು ಬೆಳವಣಿಗೆಯ ಪುಸ್ತಕದಲ್ಲೇ ಕುಗ್ಗಿಸಿದ ಬುದ್ಧಿವಂತಿಕೆಗೆ ಏನು ಹೇಳುವುದು!

ಕಾಗದದ ಮೇಲಿನ ಅಂಕಿ ತಾನೇ ಎಂದು ಸುಮ್ಮನಿರುವಂತಿಲ್ಲ. ಎರಡು ಸಾವಿರಕ್ಕಿಂತ ಕಡಿಮೆ ಜನರಿರುವ ದ್ವೀಪಕ್ಕೆ ಅಲ್ಲೇ ಉಳಿಯುವ ನರ್ಸ್ ಬೇಕಿಲ್ಲ ಎಂದು ಅದೇ ಪುಸ್ತಕದ ನಿಯಮ. ಎರಡು ಜೆಟ್ಟಿಗಳ ನಡುವೆ, ಎರಡು ಕೋಣೆಯ ಆರೋಗ್ಯ ಕೇಂದ್ರದಲ್ಲಿ, ನರ್ಸಮ್ಮ ಎಂಟು ವರ್ಷದಿಂದ ಇದ್ದಾರೆ. ಅವರನ್ನು ದಡದ ಊರಿಗೆ ವರ್ಗ ಮಾಡಿ ಕೇಂದ್ರಕ್ಕೆ ಬೀಗ ಹಾಕಬೇಕೆಂದು ತೀರ್ಮಾನವಾಗಿದೆ. ಇನ್ನು ಒಂದೂವರೆ ತಿಂಗಳು, ಅಷ್ಟೇ. ದಡಕ್ಕೆ ಲಾಂಚಿನಲ್ಲಿ ಒಂದೂವರೆ ಗಂಟೆ. ಅದೂ ದಿನಕ್ಕೊಂದೇ ಸಲ, ಗಾಳಿ ಜೋರಾದರೆ ಅದೂ ಇಲ್ಲ. ಪಟ್ಟಿಯಕ್ಕನ ಸೊಸೆಗೆ ಈಗ ಏಳು ತಿಂಗಳು. ಲೆಕ್ಕ ನೀವೇ ಹಾಕಿಕೊಳ್ಳಿ.

ಇದೆಲ್ಲ ಆಕೆಗೆ ತಿಳಿದದ್ದು ಹೇಗೆ ಎನ್ನುತ್ತೀರಾ? ಆಕ್ಷೇಪಣೆಗೆ ಮೂವತ್ತು ದಿನ ಅವಕಾಶ ಎಂಬ ಪ್ರಕಟಣೆಯನ್ನು ದ್ವೀಪದಲ್ಲಿ ಅಂಟಿಸಿರಲಿಲ್ಲ. ದಡದಲ್ಲಿರುವ ಯೋಜನಾ ಕಚೇರಿಯ ಮೊದಲ ಮಹಡಿಯಲ್ಲಿ, ಶೌಚಾಲಯಕ್ಕೆ ಹೋಗುವ ಓಣಿಯ ಫಲಕದಲ್ಲಿ ಅಂಟಿಸಿದ್ದರು. ಉಳಿದ ಖಾಲಿ ಫಾರಂ ಮತ್ತು ಕಚೇರಿಯ ಚೀಲ ವಾಪಸು ಕೊಡಲು ಹೋದ ಪಟ್ಟಿಯಕ್ಕನ ಕಣ್ಣಿಗೆ ಅದು ಬಿತ್ತು. ಅದರಲ್ಲಿದ್ದ ದ್ವೀಪದ ಜನಸಂಖ್ಯೆ ಉಳಿದವರಿಗೆ ಬರೀ ಒಂದು ಅಂಕಿ. ಈಕೆಗೆ ಗುರುತು ಸಿಕ್ಕಿತು.

"ಸಾವಿರದ ಇನ್ನೂರ ಅರವತ್ತೇಳು ಅನ್ನೋದು ನಾನೇ ಕೂಡಿ ಬರೆದಿದ್ದು. ಹಳೇ ಜೆಟ್ಟಿ ಹಾಳೆಗಳ ಕೊನೇಲಿ ಅಡಿಗೆರೆ ಎಳೆದು ಬರೆದಿದ್ದೆ. ಅದು ಅರ್ಧ ಊರು. ಇನ್ನರ್ಧ ಎಲ್ಲಿ ಅಂತ ಓದ್ತಾ ಹೋದೆ, ಎಲ್ಲೂ ಇಲ್ಲ," ಎನ್ನುತ್ತಾರೆ. ಆಮೇಲೆ ಆಕೆ ಮನೆಪಟ್ಟಿ ತರಿಸಿ ನೋಡಿದರು. ಹೊಸ ಜೆಟ್ಟಿಯ ಹದಿನೇಳನೇ ಮನೆ ಆಕೆಯದೇ. ಪಟ್ಟಿಯಲ್ಲಿ ಹದಿನೇಳನೇ ಮನೆ ಇತ್ತು, ಅದರಲ್ಲಿ ಹಳೇ ಜೆಟ್ಟಿಯ ಒಬ್ಬಂಟಿ ಅಜ್ಜಿ ಇದ್ದರು. ಹತ್ತೊಂಬತ್ತು ವರ್ಷ ಊರನ್ನೆಲ್ಲ ಎಣಿಸಿದ ಹೆಂಗಸು, ದೋಣಿ ಎಂಜಿನ್ ರಿಪೇರಿ ಮಾಡುವ ಆಕೆಯ ಗಂಡ, ಅತ್ತೆ, ಮಗ, ಮಗಳು, ಬಸುರಿ ಸೊಸೆ, ಯಾರೂ ಇಲ್ಲ.

ನಾನು ಯೋಜನಾಧಿಕಾರಿಯನ್ನು ಕಂಡೆ. ಬಹಳ ಮರ್ಯಾದಸ್ಥರು, ಟೀ ತರಿಸಿದರು. ತಮ್ಮವರು ಮಾಡಿದ್ದು ದತ್ತಾಂಶದ ಶುದ್ಧೀಕರಣ, ಅದು ಎಲ್ಲ ಕಡೆ ನಡೆಯುವ ಕ್ರಮ ಎಂದು ವಿವರಿಸಿದರು. ಶುದ್ಧೀಕರಣವಂತೆ! ಏಳುನೂರ ಎಂಬತ್ತಾರು ಜನರನ್ನು ಪೊರಕೆಯಲ್ಲಿ ಗುಡಿಸಿ ಆಚೆ ಹಾಕುವುದಕ್ಕೆ ಎಷ್ಟು ಚೆಂದದ ಹೆಸರು. ನೀವು ಆ ದ್ವೀಪಕ್ಕೆ ಹೋಗಿದ್ದೀರಾ ಎಂದು ಕೇಳಿದೆ. ಸಮುದ್ರ ಪ್ರಯಾಣ ತಮಗೆ ಒಗ್ಗುವುದಿಲ್ಲ, ತಲೆ ಸುತ್ತುತ್ತದೆ ಎಂದರು. ಹಾಗಾದರೆ ಎಣಿಸಿದ ಹೆಂಗಸನ್ನಾದರೂ ಕರೆದು ಕೇಳಬಹುದಿತ್ತಲ್ಲ ಎಂದೆ. ಆಕೆಯ ಆದೇಶದ ಅವಧಿ ಮುಗಿದಿದೆ, ಈಗ ಆಕೆಗೆ ಕಚೇರಿಯೊಂದಿಗೆ ಸಂಬಂಧವಿಲ್ಲ ಎಂದರು.

ಊರಿನವಳಾಗಿಯೇ ಆಕ್ಷೇಪಣೆ ಕೊಡುತ್ತೇನೆ ಎಂದು ಪಟ್ಟಿಯಕ್ಕ ಅರ್ಜಿ ಬರೆದುಕೊಂಡು ಹೋದರು. ಗುಮಾಸ್ತ ಅದನ್ನು ಹಿಂದಕ್ಕೆ ತಳ್ಳಿದ. ಆಕ್ಷೇಪಣೆ ಕೊಡುವವರು ಪ್ರಕಟವಾದ ಪಟ್ಟಿಯಲ್ಲಿ ಇರುವ ನಿವಾಸಿಗಳೇ ಆಗಿರಬೇಕಂತೆ, ಇದೂ ನಿಯಮ. ನಮ್ಮನ್ನು ಅಳಿಸಿದ್ದೀರಿ ಎಂದು ದೂರಬೇಕಾದರೆ ಮೊದಲು ಅಳಿಸಿಹೋಗಿರಬಾರದು! ಇದನ್ನು ಕೇಳಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಪಟ್ಟಿಯಕ್ಕ ಮಾತ್ರ ಚೀಲ ಹೆಗಲಿಗೇರಿಸಿಕೊಂಡು ನಾಲ್ಕು ಗಂಟೆಯ ಲಾಂಚ್ ಹತ್ತಿದರು. ಮರುದಿನ ಐದೂಕಾಲಿಗೆ ಜೆಟ್ಟಿಯ ಮೆಟ್ಟಿಲ ಮೇಲೆ ಕೂತರು.

ಹನ್ನೊಂದು ದಿನ ಎಣಿಸಿದರು. ಬೆಳಿಗ್ಗೆ ಮೆಟ್ಟಿಲ ಮೇಲೆ ಗಂಡಸರ ಸಹಿ, ಹಗಲಿಗೆ ಮನೆಮನೆಗೆ ಹೋಗಿ ಹೆಂಗಸರ ಸಹಿ, ದಿನಕ್ಕೆ ಹತ್ತು ಹನ್ನೆರಡು ಮನೆ. ಎಡಗಾಲಿನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ನರ್ಸಮ್ಮ ಮುಲಾಮು ಹಚ್ಚಿ ಎರಡು ದಿನ ಮನೆಯಲ್ಲಿರಿ ಎಂದು ಗದರಿದರಂತೆ. ನೀವು ಇಲ್ಲೇ ಇರಬೇಕೆಂದೇ ತಿರುಗುತ್ತಿದ್ದೇನೆ ಎಂದು ಇವರು ತಿರುಗಿ ಗದರಿದರಂತೆ. ಲೆಕ್ಕ ಏಳುನೂರ ಎಂಬತ್ತೆಂಟಕ್ಕೆ ನಿಂತಿತು. ಮೊದಲ ಎಣಿಕೆಯ ನಂತರ ಮೂರು ಮಕ್ಕಳು ಹುಟ್ಟಿವೆ, ಮೂರೂ ನರ್ಸಮ್ಮನ ಕೈಯಲ್ಲೇ. ಒಬ್ಬ ಹಿರಿಯರು ತೀರಿಕೊಂಡಿದ್ದಾರೆ. ಸರ್ಕಾರದ ಪ್ರಕಾರ ಅವರು ಸಾಯುವುದಕ್ಕೆ ಮೊದಲೇ ಇರಲಿಲ್ಲ.

ಇಷ್ಟಾದರೂ ಅರ್ಜಿ ಕೊಡಲು ಪಟ್ಟಿಯಲ್ಲಿ ಇರುವವರೊಬ್ಬರು ಬೇಕಲ್ಲ. ಆಗ ಎದ್ದು ನಿಂತವರು ಹಳೇ ಜೆಟ್ಟಿ ಹದಿನೇಳನೇ ಮನೆಯ ಅಜ್ಜಿ. ವಯಸ್ಸು ಎಂಬತ್ತೊಂದು. ಲಾಂಚ್ ಹತ್ತಿ ಆರು ವರ್ಷವಾಗಿತ್ತಂತೆ. ಹೊಸ ಜೆಟ್ಟಿಯವರನ್ನು ಕಂಡರೆ ಮೂಗು ಮುರಿಯುವುದರಲ್ಲಿ ಎತ್ತಿದ ಕೈ. ಆಕ್ಷೇಪಣೆಯ ಕೊನೆಯ ದಿನ ಇಬ್ಬರ ತೋಳು ಹಿಡಿದುಕೊಂಡು ಲಾಂಚಿಗೆ ಕಾಲಿಟ್ಟರು. ನಾನೂ ಜೊತೆಗಿದ್ದೆ. ದಾರಿಯುದ್ದಕ್ಕೂ ಪಟ್ಟಿಯಕ್ಕನ ಕಾಲೆಳೆದರು. ನಿನ್ನೆ ಬಂದವರು ನೀವು, ಬಂದು ಮೂರು ದಿನವಾಗಲಿಲ್ಲ, ಆಗಲೇ ಕಳೆದುಹೋಗಿದ್ದೀರಲ್ಲ ಎಂದು ನಕ್ಕರು.

ಕಚೇರಿಯಲ್ಲಿ ಗುಮಾಸ್ತ ಅಜ್ಜಿಯ ಮನೆ ನಂಬರು ಕೇಳಿದ. ಹದಿನೇಳು ಎಂದರು. ಪಟ್ಟಿ ನೋಡಿ, ನಿಮ್ಮ ಹೆಸರು ಸರಿಯಾಗಿದೆಯಲ್ಲ ಅಜ್ಜಿ, ನಿಮಗೇನು ತಕರಾರು ಎಂದ. ಅಜ್ಜಿ ಪಕ್ಕದಲ್ಲಿ ನಿಂತಿದ್ದ ಪಟ್ಟಿಯಕ್ಕನ ಮುಂಗೈ ಹಿಡಿದು ಅವನ ಮೇಜಿನ ಮೇಲೆ ಇಟ್ಟರು.

"ಇವಳದ್ದೂ ಹದಿನೇಳು ಕಣಪ್ಪಾ. ಮುಟ್ಟಿ ನೋಡು, ಇದಾಳೋ ಇಲ್ವೋ."

ಗುಮಾಸ್ತ ಆ ಕೈಯನ್ನು ನೋಡಿದ. ಆಮೇಲೆ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು, ನೂರ ಮೂವತ್ತೊಂದು ಮನೆಗಳ ಸಹಿಯ ಹಾಳೆಗಳನ್ನು ಸೇರಿಸಿ, ಮೊಹರು ಹಾಕಿ ಸ್ವೀಕೃತಿ ಚೀಟಿ ಕೊಟ್ಟ. ತೀರ್ಮಾನ ಮುಂದಿನ ತಿಂಗಳು. ಮನೆಗಳಿಗೆಲ್ಲ ಹೊಸ ನಂಬರು ಹಾಕಿಕೊಂಡರೆ ಈ ತಾಪತ್ರಯವೇ ಇರುವುದಿಲ್ಲ ಎಂದು ಯೋಜನಾಧಿಕಾರಿ ಬಾಗಿಲವರೆಗೆ ಬಂದು ಸಲಹೆ ಕೊಟ್ಟರು. ತಪ್ಪು ಮಾಡಿದ್ದು ಇವರ ಕಚೇರಿ, ಗೋಡೆಗೆ ಬಣ್ಣ ಬಳಿದುಕೊಳ್ಳಬೇಕಾದವರು ದ್ವೀಪದವರು! ಸಿಟ್ಟು ನೆತ್ತಿಗೇರಿ ನಾನು ಏನೋ ಅನ್ನಹೊರಟೆ. ಪಟ್ಟಿಯಕ್ಕ ಕಣ್ಣಲ್ಲೇ ತಡೆದರು. ಅವರಿಗೆ ಜಗಳ ಬೇಕಿರಲಿಲ್ಲ, ಲಾಂಚ್ ತಪ್ಪಿಹೋಗುತ್ತಿತ್ತು.

ಈ ಕಚೇರಿಯ ಗೋಡೆಯ ಮೇಲೆ ಒಳ್ಳೆಯ ಕೆಲಸಗಾರರ ಫೋಟೋಗಳು ಸಾಲಾಗಿ ಇವೆ. ಪಟ್ಟಿಯಕ್ಕನದು ಅಲ್ಲಿಲ್ಲ, ಎಂದೂ ಇರಲಿಲ್ಲ. ಇವರಿಗೆ ಸಿಟ್ಟು ಬರುವುದಿಲ್ಲವೇ ಎಂಬುದು ಎರಡು ದಿನದಿಂದ ನನ್ನ ಹೊಟ್ಟೆಯೊಳಗಿದ್ದ ಪ್ರಶ್ನೆ. ವಾಪಸು ಬರುವಾಗ ಕೇಳಿಯೇಬಿಟ್ಟೆ. ಅಜ್ಜಿ ಆಕೆಯ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದರು. ಸ್ವೀಕೃತಿ ಚೀಟಿ ಮಡಿಕೆಯಾಗಿ ಚೀಲದ ಒಳಜೇಬು ಸೇರಿತ್ತು.

"ಬರಲ್ವಾ? ಬರುತ್ತೆ. ಆದ್ರೆ ಎಣಿಸೋವಾಗ ಸಿಟ್ಟು ಮಾಡ್ಕೊಂಡ್ರೆ ಲೆಕ್ಕ ತಪ್ಪುತ್ತೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಲೆಕ್ಕ ಒಂದು ಸಲವೂ ತಪ್ಪಿಲ್ಲ."

ಹಾಗಾದರೆ ಸರ್ಕಾರದಿಂದ ಆಕೆಗೆ ಏನು ಬೇಕು? ಕೆಲಸ ಕಾಯಂ ಮಾಡಲಿ ಎನ್ನುತ್ತಾರೆಂದು ನಾನು ಪೆನ್ನು ಹಿಡಿದು ಕಾದೆ. ಅವರು ನನ್ನ ಪುಸ್ತಕದ ಕಡೆ ಬೆರಳು ತೋರಿಸಿ, ಸರಿಯಾಗಿ ಬರೆದುಕೊಳ್ಳಿ ಎಂದರು.

"ಹಳೇ ಜೆಟ್ಟಿ ಹದಿನೇಳು, ಅಜ್ಜಿ ಒಬ್ರು. ಹೊಸ ಜೆಟ್ಟಿ ಹದಿನೇಳು, ನಾವು ಆರು ಜನ. ಇನ್ನೆರಡು ತಿಂಗಳಿಗೆ ಏಳು. ಆ ಏಳನೇದನ್ನ ನರ್ಸಮ್ಮನ ಕೈಯಿಂದ ಇಸ್ಕೊಂಡು ನಾನೇ ಪಟ್ಟಿಗೆ ಸೇರಿಸ್ಬೇಕು. ಅಷ್ಟು ಆದ್ರೆ ಸಾಕು."