ಪೆಟ್ಟಿಗೆ ಮಲಗಿಸುತ್ತಿದ್ದ ಅಕ್ಕ

ಅಕ್ಕನ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಹೊಸೂರಿನಲ್ಲಿ ಗಡಿಯಾರ ಜೋಡಿಸುವ ಕೆಲಸದಲ್ಲಿ, ವರ್ಷಗಟ್ಟಲೆ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳಿಗಿಂತ ಸಣ್ಣ ತಿರುಪುಗಳನ್ನು ಕೂರಿಸಿದವರು ಅವರು. ಬಲಗಣ್ಣು ದುಡಿಯುವಾಗ ಎಡಗಣ್ಣು ಮುಚ್ಚಿರಬೇಕು. ಆ ಕೆಲಸ ಬಿಟ್ಟರೂ ಅಭ್ಯಾಸ ಬಿಡಲಿಲ್ಲ. ಎದುರಿಗೆ ಕೂತವರಿಗೆ, ಇವರು ಕಣ್ಣು ಹೊಡೆಯುತ್ತಿದ್ದಾರೋ ನಮ್ಮ ಮೇಲೆ ಅನುಮಾನಪಡುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಹೀಗೇ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಹೆದರ್ಕೋಬೇಡ ಕಣಮ್ಮ. ಒಂದು ಕಣ್ಣು ಮಲಗಿದ್ರೆ ಇನ್ನೊಂದು ಎದ್ದಿರ್ತದೆ" ಅಂದರು.

ಹೆದರಿಕೆ ಹೋಗಲಿಲ್ಲ, ನಗು ಬಂತು.

ಆಫೀಸಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನಮ್ಮದು ಹೊಸೂರಿನ ಒಂದು ಬೇಕರಿಯ ಮಹಡಿಯ ಮೇಲಿನ ಪುಟ್ಟ ಕಂಪನಿ. ಯಜಮಾನರು ತಮಿಳಿನವರು, ರಿಪೇರಿಯ ಹುಡುಗರು ತೆಲುಗಿನವರು, ನಾನು ಗಂಡನ ಕಾರ್ಖಾನೆ ಕೆಲಸದ ಬೆನ್ನು ಹಿಡಿದು ದಾವಣಗೆರೆಯಿಂದ ಬಂದವಳು. ಅಕ್ಕ ಅನ್ನುವ ಮಾತು ಮೂರು ಭಾಷೆಗೂ ಒಪ್ಪುತ್ತದೆ, ಹಾಗಾಗಿ ಜಗಳವಿರಲಿಲ್ಲ. ಜಗಳ ಬೇಕಾದರೆ ಅಕ್ಕ ತಾವೇ ತೆಗೆಯುತ್ತಿದ್ದರು. ಚಹಾದಲ್ಲಿ ಸಕ್ಕರೆ ಹೆಚ್ಚಾದರೆ ಜಗಳ, ಫ್ಯಾನ್ ಹಾಕಿದರೆ ಜಗಳ, ಮಧ್ಯಾಹ್ನದ ಡಬ್ಬಿಯಲ್ಲಿ ನಾನು ರೊಟ್ಟಿ ತಂದರೂ ಜಗಳ. "ಮುದ್ದೆ ತಿನ್ನು. ರೊಟ್ಟಿ ತಿಂದ್ರೆ ನಿದ್ದೆ ಬತ್ತದೆ" ಅನ್ನುತ್ತಿದ್ದರು. ಮುದ್ದೆ ಉಂಡು ಕುರ್ಚಿಯಲ್ಲೇ ತೂಕಡಿಸುತ್ತಿದ್ದವರು ಅವರೇ.

ನಾವು ಮಾಡುತ್ತಿದ್ದುದು ಆನೆಯ ಪೆಟ್ಟಿಗೆಗಳು. ತಳಿ ಎಂಬ ಊರಿನ ಆಚೆ, ಕಾಡಿನ ಅಂಚಿಗಿರುವ ಹಳ್ಳಿಗಳಲ್ಲಿ ಕಂಬ ನೆಟ್ಟು ಒಂದೊಂದು ಪೆಟ್ಟಿಗೆ ಕೂರಿಸುತ್ತಿದ್ದೆವು. ಒಳಗೆ ಕ್ಯಾಮೆರಾ, ದೀಪ, ಸೈರನ್ನು. ರಾಗಿ ತೆನೆ ಬಲಿಯುವ ಕಾಲಕ್ಕೆ ಕರ್ನಾಟಕದ ಕಾಡಿನಿಂದ ಆನೆಗಳು ಇತ್ತ ಬರುತ್ತವೆ. ಆನೆ ಕಂಡರೆ ದೀಪ ಮಿನುಗಿ, ಸೈರನ್ನು ಕೂಗಿ, ಊರವರ ಫೋನುಗಳೂ ಹೊಡೆದುಕೊಳ್ಳುತ್ತಿದ್ದವು.

ಪೆಟ್ಟಿಗೆಯ ಜೀವ ಇರುವುದು ಬ್ಯಾಟರಿಯಲ್ಲಿ. ಬಿಸಿಲಿದ್ದರೆ ತಾನೇ ತುಂಬಿಕೊಳ್ಳುತ್ತದೆ. ಮೋಡ ಕವಿದು ಕೂತರೆ ಕಷ್ಟ. ಪೂರ್ತಿ ಬರಿದಾದ ಪೆಟ್ಟಿಗೆ, ಯಾರಾದರೂ ಜೀಪಿನಲ್ಲಿ ಹೋಗಿ ಬ್ಯಾಟರಿ ಬದಲಿಸುವ ತನಕ ಏಳುವುದಿಲ್ಲ. ಅದಕ್ಕೇ ನಾವು ಹೊಸೂರಿನಲ್ಲಿ ಕೂತೇ ಅವನ್ನು ಮಲಗಿಸುತ್ತಿದ್ದೆವು. ಕಂಪ್ಯೂಟರಿನಲ್ಲಿ ಆಜ್ಞೆ ಕೊಟ್ಟರೆ ಅಲ್ಲಿ ಕ್ಯಾಮೆರಾ, ದೀಪ ಎಲ್ಲ ಆರಿ, ಒಂದು ಕಿವಿ ಮಾತ್ರ ಉಳಿಯುತ್ತಿತ್ತು. ಆಗಾಗ ಆ ಕಿವಿ ತೆರೆದು, ಹೊಸೂರಿನಿಂದ ಯಾರಾದರೂ ಕರೆದರೇ ಎಂದು ಕೇಳಿ, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನಾವು ಏಳು ಎಂದಾಗ ಎದ್ದರಾಯಿತು. ಇದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆ. ಅಕ್ಕನ ಬಾಯಲ್ಲಿ ಅದು "ಪೆಟ್ಟಿಗೆ ಮಲಗ್ಸೋದು."

ಆದರೆ ಅಕ್ಕ ಸುಮ್ಮನೆ ಮಲಗಿಸುತ್ತಿರಲಿಲ್ಲ. ಮೊದಲು ಆ ಊರಿಗೆ ಫೋನು ಮಾಡಬೇಕು. ಪೆಟ್ಟಿಗೆ ಇವತ್ತು ಮಲಗುತ್ತದೆ, ನೀವು ಎದ್ದಿರಿ ಎಂದು ಹೇಳಬೇಕು. ಅಷ್ಟು ಸಾಲದು. ಆ ಕಡೆಯವರು ಬಾಯಿಬಿಟ್ಟು "ಎದ್ದಿವ್ನಿ" ಅನ್ನಬೇಕು. ತಮಿಳಿನವರು ತಮಿಳಿನಲ್ಲಿ ಅನ್ನಲಿ, ತೆಲುಗಿನವರು ತೆಲುಗಿನಲ್ಲಿ ಅನ್ನಲಿ. ಹೂಂ ಅಂದರೆ ನಡೆಯದು, ಸರಿ ಅಂದರೂ ನಡೆಯದು.

ಇದು ಅವರ ಅಪ್ಪನ ಕಟ್ಟಳೆಯಂತೆ. ತಳಿಯ ಹತ್ತಿರದ ಅವರ ಊರಿನಲ್ಲಿ, ಚಿಕ್ಕಂದಿನಲ್ಲಿ ಅಕ್ಕ ಮತ್ತು ಅವರ ತಮ್ಮ ಅಪ್ಪನ ಜೊತೆ ಅಟ್ಟಣೆಯ ಮೇಲೆ ರಾಗಿ ಹೊಲ ಕಾಯುತ್ತಿದ್ದರು. ಒಬ್ಬರು ಮಲಗುವ ಮುಂಚೆ ಇನ್ನೊಬ್ಬರನ್ನು ಅಲುಗಿಸಿ "ಎದ್ದಿದೀಯಾ?" ಎಂದು ಕೇಳಬೇಕು. "ಎದ್ದಿವ್ನಿ" ಎಂಬ ಉತ್ತರ ಕಿವಿಗೆ ಬಿದ್ದ ಮೇಲೆಯೇ ಕಣ್ಣು ಮುಚ್ಚಬೇಕು. "ಹೂಂ ಅನ್ನೋದು ನಿದ್ದೇಲೂ ಅಂತಾರೆ ಕಣಮ್ಮ. ಎದ್ದಿವ್ನಿ ಅನ್ನೋಕೆ ಎದ್ದೇ ಇರ್ಬೇಕು" ಎಂದು ಅಕ್ಕ ನನಗೆ ವಿವರಿಸಿದರು. ನಾನು ಒಮ್ಮೆ ಅಭ್ಯಾಸಕ್ಕೆಂದು "ಎದ್ದಿದ್ದೇನೆ" ಎಂದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಪುಸ್ತಕ ಓದ್ದಂಗದೆ! ಆನೆ ಬಂದ್ರೆ ಅದ್ಕೂ ಹಿಂಗೇ ಬನ್ನಿ, ಕುಳಿತುಕೊಳ್ಳಿ ಅಂತೀಯಾ?"

ಯಜಮಾನರಿಗೆ ಈ ಫೋನುಗಳು ತಲೆನೋವಾಗಿದ್ದವು. ಬ್ಯಾಟರಿ ಇಳಿದ ಕೂಡಲೇ ಯಂತ್ರವೇ ಪೆಟ್ಟಿಗೆ ಮಲಗಿಸಿ, ಊರವರಿಗೆ ಮೆಸೇಜು ಕಳಿಸುವ ಹಾಗೆ ಮಾಡಲು ನನಗೆ ಹೇಳಿದ್ದರು. ಅದು ತಿಳಿದ ಅಕ್ಕ ಕುರ್ಚಿ ಎಳೆದುಕೊಂಡು ಅವರ ಮುಂದೆ ಕೂತರು.

"ಅಕ್ಕಾ, ಒಂದು ಮೆಸೇಜ್ ಪೋದುಮೇ, ಸಾಕಲ್ಲ. ಎಲ್ಲಾರ್ಗೂ ಒಂದೇ ಸಲ ಹೋಗ್ತದಲ್ಲ?" ಎಂದರು ಯಜಮಾನರು.

"ಹೋಗ್ತದೆ ಸಾರ್. ಹೋಗಿ ಫೋನೊಳಗೆ ಕುಂತ್ಕೊತದೆ. ಆನೆ ಬಂದಾಗ ಮೆಸೇಜು ಎದ್ದು ತಮಟೆ ಹೊಡೀತದಾ?"

"ಈ ಸೀಸನ್ ಮುಗೀಲಿ. ಆಮೇಲೆ ಫೋನ್ ಬೇಡ" ಎಂದು ಯಜಮಾನರು ಮಾತು ಮುಗಿಸಿದರು. ಅವರು ಕೆಟ್ಟವರಲ್ಲ. ಹಳ್ಳಿಗಳು ಹೆಚ್ಚುತ್ತಿದ್ದವು, ಅಕ್ಕನ ಮಧ್ಯಾಹ್ನಗಳೆಲ್ಲ ಫೋನಿನಲ್ಲೇ ಕಳೆಯುತ್ತಿದ್ದವು. ನಿಜ ಹೇಳಬೇಕೆಂದರೆ ನನಗೂ ಅವರ ಮಾತೇ ಸರಿ ಕಂಡಿತ್ತು. ಅಕ್ಕ ಆ ದಿನ ಯಾರೊಂದಿಗೂ ಜಗಳವಾಡಲಿಲ್ಲ. ಅದು ಜಗಳಕ್ಕಿಂತ ಕೆಟ್ಟದಾಗಿತ್ತು.

ಆ ಸೀಸನ್ನಿನಲ್ಲೇ ಎಲ್ಲೋ ಸಮುದ್ರದಲ್ಲಿ ಚಂಡಮಾರುತ ಎದ್ದು, ನಮ್ಮ ಕಡೆ ವಾರವಿಡೀ ಜಿಟಿಜಿಟಿ ಮಳೆ ಹಿಡಿಯಿತು. ಬಿಸಿಲಿಲ್ಲ. ಎಲ್ಲ ಪೆಟ್ಟಿಗೆಗಳ ಬ್ಯಾಟರಿ ಇಳಿಯತೊಡಗಿತು. ಹಗಲು ಎಲ್ಲವನ್ನೂ ಮಲಗಿಸುವುದು, ರಾತ್ರಿಗೆ ಅರ್ಧ ಮಾತ್ರ ಎಬ್ಬಿಸುವುದು, ಮರುದಿನ ಉಳಿದರ್ಧ, ಹೀಗೆ ಸರದಿ ಮಾಡಿಕೊಂಡೆವು. ಯಾವ ಊರಿನ ಪೆಟ್ಟಿಗೆಗೆ ಮಲಗುವ ಸರದಿಯೋ ಆ ಊರಿಗೆಲ್ಲ ಅಕ್ಕ ಫೋನು ಮಾಡಿದರು.

ಕಾಡಂಚಿನ ಕಟ್ಟಕಡೆಯ ಊರಿನಲ್ಲಿ ಒಬ್ಬ ತಾತ ಇದ್ದರು. ಪೆಟ್ಟಿಗೆಯ ಕಂಬ ಅವರ ಮನೆಯ ಮುಂದೆಯೇ. ಮಗ ಹೊಸೂರಿಗೆ ಶಿಫ್ಟಿಗೆ ಹೋಗುವವನು, ಮನೆಯಲ್ಲಿ ಸೊಸೆ, ಮೊಮ್ಮಕ್ಕಳು. ಕೊಯ್ದ ರಾಗಿಯ ಮೆದೆ ಗೋಡೆಗೆ ಒತ್ತಿಕೊಂಡಿತ್ತು. ಯಾವಾಗಲೂ ಫೋನು ಎತ್ತುತ್ತಿದ್ದವಳು ಸೊಸೆ. ಅಂದು ತಾತನೇ ಎತ್ತಿದರು.

"ತಾತ, ಇವತ್ತು ರಾತ್ರಿ ಪೆಟ್ಟಿಗೆ ಮಲಗಿಸ್ಬೇಕು. ನೀನು ಎದ್ದಿರ್ಬೇಕು" ಎಂದರು ಅಕ್ಕ.

"ಆಯ್ತು ಬುಡಮ್ಮ, ಮಲಗ್ಸಾಣ."

"ಹಂಗಲ್ಲ. ಎದ್ದಿವ್ನಿ ಅಂತ ಬಾಯಾಗೆ ಹೇಳು."

"ಎದ್ದಿವ್ನಿ, ಎದ್ದಿವ್ನಿ. ಕಿವಿ ಕೇಳಾಕಿಲ್ವಾ ನಿಂಗೆ?"

ಮರುದಿನ ಬೆಳಿಗ್ಗೆ, ಎಲ್ಲ ನೆಟ್ಟಗಿದೆಯೇ ನೋಡೋಣವೆಂದು ಆ ಪೆಟ್ಟಿಗೆಯನ್ನು ಎಬ್ಬಿಸಿದೆ. ಎದ್ದಿತು. ಆದರೆ ಪರದೆಯ ಮೇಲೆ ಬರೀ ಕತ್ತಲು. ಕ್ಯಾಮೆರಾ ಹೋಯಿತು ಎಂದುಕೊಂಡೆ. ಅಕ್ಕ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ, ಪೆಟ್ಟಿಗೆಗೆ ಏನು ಮಾಡಿದೆ ಎಂದು ತಾತನನ್ನು ಗದರಿದರು.

"ನಾನೇನ್ ಮಾಡ್ದೆ? ಮಲಗಿಸ್ಬೇಕು ಅಂದೋಳು ನೀನೇ ಅಲ್ವಾ? ಏಣಿ ಹಾಕಿ ಕಂಬದಿಂದ ಇಳ್ಸಿ, ಜಗಲಿ ಮ್ಯಾಲೆ ಮಲಗ್ಸಿವ್ನಿ. ಚಳಿ ಅಂತ ಗೋಣಿಚೀಲಾನೂ ಹೊದಿಸಿವ್ನಿ. ಇನ್ನೇನ್ ಲಾಲಿ ಹಾಡ್ಲಾ?"

ಆಫೀಸಿಗೆ ಆಫೀಸೇ ನಕ್ಕಿತು. ತಮಿಳಿನವರಿಗೆ ಒಬ್ಬರು, ತೆಲುಗಿನವರಿಗೆ ಇನ್ನೊಬ್ಬರು ಅರ್ಥ ಹೇಳಿದಂತೆ ನಗು ಕಂತುಕಂತಾಗಿ ಏರಿತು. ಯಜಮಾನರೂ ಬಾಗಿಲಿಗೆ ಬಂದು ನಿಂತು ನಕ್ಕರು. ಅಕ್ಕನ ಮುಖ ಮಾತ್ರ ಕೆಂಪಾಗಿತ್ತು. ಫೋನಿನಲ್ಲಿ ತಾತ ಇನ್ನೂ ಮಾತಾಡುತ್ತಲೇ ಇದ್ದರು.

"ಆನೆ ಬಂದಿತ್ತು ಕಣಮ್ಮ, ಬೆಳಗಿನ ಜಾವ."

ನಗು ನಿಂತಿತು.

"ಮೆದೆ ಹತ್ರ ಸರಸರ ಅಂತು. ಎದ್ದಿವ್ನಿ ಅಂತ ನಿಂಗೆ ಬಾಯ್ಬಿಟ್ಟು ಹೇಳ್ಬುಟ್ಟಿದ್ನಲ್ಲ, ಮಲಗಾಕೆ ಮನಸ್ಸು ಬರ್ಲಿಲ್ಲ. ಜಗಲೀಲೇ ನಿನ್ನ ಪೆಟ್ಟಿಗೆ ಪಕ್ಕ ಕುಂತಿದ್ದೆ. ಸೊಸೇನ, ಮಕ್ಳನ್ನ ಎಬ್ಬಿಸಿ ಹಿಂದ್ಲ ಬಾಗಿಲಿಂದ ಪಕ್ಕದ ಮನೆಗೆ ಕಳಿಸ್ಬುಟ್ಟು ಡಬ್ಬ ಬಡ್ದೆ. ಅದು ತಿನ್ನೋದು ತಿಂದು ಗೋಡೆ ಕೆಡವ್ಬುಟ್ಟು ಹೋಯ್ತು. ಮಕ್ಳು ಮಲಗೋ ಕಡೆ ಗೋಡೆ."

ಪೆಟ್ಟಿಗೆ ಕಂಬದ ಮೇಲೆಯೇ ಇದ್ದಿದ್ದರೂ ಆ ರಾತ್ರಿ ಅದು ಕೂಗುತ್ತಿರಲಿಲ್ಲ. ಮಲಗಿಸಿದ್ದವರು ನಾವೇ. ಆ ಮನೆಯಲ್ಲಿ ಎದ್ದಿದ್ದುದು ತಾತ ಆಡಿದ ಒಂದು ಮಾತು. ಅಕ್ಕ ಫೋನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು. ಮುಚ್ಚಿದ ಕಣ್ಣಿನಿಂದಲೂ ನೀರು ಬರುತ್ತದೆಂದು ನಾನು ಅವತ್ತು ನೋಡಿದೆ. ಆಮೇಲೆ ಯಜಮಾನರ ಕಡೆ ತಿರುಗಿ, "ಸಾರ್, ಮಲಗ್ಸೋದು ಅಂದ್ರೆ ಏನು ಅಂತ ಸರ್ಯಾಗಿ ಹೇಳ್ನಿಲ್ಲ. ತಪ್ಪು ನಂದೇ" ಎಂದರು.

ಯಜಮಾನರು ಮೆಸೇಜಿನ ಮಾತನ್ನು ಮತ್ತೆ ಎತ್ತಲಿಲ್ಲ. ಬದಲಿಗೆ, ಊರಿನಿಂದ ಉತ್ತರ ಬಂತೆಂದು ನಮ್ಮಲ್ಲೊಬ್ಬರು ಗುರುತು ಹಾಕದೆ ಯಾವ ಪೆಟ್ಟಿಗೆಯೂ ಮಲಗದಂತೆ ಮಾಡು ಎಂದು ನನಗೆ ಹೇಳಿದರು. ನಾನು ಪರದೆಯ ಮೇಲೆ ಒಂದು ಹಸಿರು ಗುಂಡಿ ಇಟ್ಟೆ. ಅದರ ಮೇಲೆ ಕನ್ನಡದಲ್ಲಿ "ಎದ್ದಿವ್ನಿ" ಎಂದು ಬರೆದೆ. ಕನ್ನಡ ಓದಲು ಬಾರದವರೂ ಅದನ್ನೇ ಒತ್ತುತ್ತಿದ್ದರು. ಅಕ್ಕ ಅಂದಿನಿಂದ ಫೋನಿನಲ್ಲಿ ಇನ್ನೊಂದು ಮಾತು ಸೇರಿಸಿದರು: "ಕಂಬದ ಮ್ಯಾಲೇ ಮಲಗ್ತದೆ, ನೀವು ಮುಟ್ಬೇಡಿ."

ಕಾಯಿಲೆ ಬಂದಾಗ ಅಕ್ಕ ಯಾರಿಗೂ ಹೇಳಲಿಲ್ಲ. ಮುದ್ದೆ ಅರ್ಧಕ್ಕೇ ಬಿಡುವುದನ್ನು ನೋಡಿ ನಾನೇ ಕೇಳಿದೆ. "ಹೊಟ್ಟೇಲಿ ಏನೋ ಕಲ್ಲು" ಅಂದರು. ಕಲ್ಲಾಗಿರಲಿಲ್ಲ. ಕೃಷ್ಣಗಿರಿಯ ಆಸ್ಪತ್ರೆಗೆ ಸೇರಿಸಿದಾಗ ಅವರ ತಮ್ಮ ಪಕ್ಕದಲ್ಲಿದ್ದರು. ಒಂದು ಮಧ್ಯಾಹ್ನ ಅವರನ್ನು ಊಟಕ್ಕೆ ಕಳಿಸಿ ನಾನು ಕೂತೆ. ಕಿಟಕಿಯಾಚೆ ಮೋಡ ಕವಿದಿತ್ತು. ಅಕ್ಕ ಅದನ್ನೇ ನೋಡುತ್ತಿದ್ದರು.

"ಎಲ್ಲಾ ಇಳೀತಾ ಅವೆ, ಅಲ್ವಾ?" ಎಂದು ಕೇಳಿದರು. ಬ್ಯಾಟರಿಗಳ ಮಾತು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಇಳೀತಿವೆ ಅಕ್ಕ. ಸರದಿ ಮಾಡಿದ್ದೀವಿ. ನೀವು ಸ್ವಲ್ಪ ಮಲಗಿ."

ಅವರು ಮಲಗಲಿಲ್ಲ. ರೆಪ್ಪೆ ಎಳೆಯುತ್ತಿತ್ತು, ಆದರೂ ಬಲಗಣ್ಣನ್ನು ಹಟ ಹಿಡಿದು ತೆರೆದಿಟ್ಟಿದ್ದರು. ಕೈಚಾಚಿ ನನ್ನ ಮಣಿಕಟ್ಟನ್ನು ಅಲುಗಿಸಿ, "ಎದ್ದಿದೀಯಾ?" ಅಂದರು.

"ಎದ್ದಿವ್ನಿ ಅಕ್ಕ" ಅಂದೆ.

"ಈಗ ಬಂತು ನೋಡು ಬಾಯಿಗೆ" ಎಂದು ನಕ್ಕು, ಆ ಕಣ್ಣನ್ನೂ ಮುಚ್ಚಿದರು. ಅವರು ಹೋದದ್ದು ಅದಾದ ಕೆಲವು ದಿನಗಳ ಮೇಲೆ, ತಮ್ಮನ ಕೈ ಹಿಡಿದುಕೊಂಡು. ತಮ್ಮನನ್ನೂ ಹಾಗೇ ಕೇಳಿದ್ದರಂತೆ.

ಮಣ್ಣು ಮಾಡಿ ಬಂದ ವಾರ ಮತ್ತೆ ಮೋಡ ಹಿಡಿಯಿತು. ಫೋನುಗಳ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಂಜೆ ಕಟ್ಟಕಡೆಯ ಊರಿಗೆ ಹಚ್ಚಿದೆ. ತಾತನೇ ಎತ್ತಿದರು.

"ತಾತ, ಇವತ್ತು ನಿಮ್ಮ ಪೆಟ್ಟಿಗೆ ಮಲಗುತ್ತೆ. ಕಂಬದ ಮೇಲೇ ಮಲಗುತ್ತೆ, ನೀವು ಮುಟ್ಬೇಡಿ."

"ಗೊತ್ತದೆ ಬುಡು. ಅಕ್ಕ ಎಲ್ಲಿ? ಬೈಯೋರೇ ಇಲ್ಲ ಈ ನಡುವೆ."

ತೀರಿಕೊಂಡರು ಎನ್ನಲು ಬಾಯಿ ಬರಲಿಲ್ಲ. "ಅಕ್ಕ ಮಲಗಿಬಿಟ್ರು ತಾತ" ಎಂದೆ.

"ಇನ್ನ ಏಳಾಕಿಲ್ವಾ?"

"ಇಲ್ಲ ತಾತ."

ಮುಂದಿನ ಪ್ರಶ್ನೆ ಕೇಳುವುದು ನನ್ನ ಕೆಲಸ. ಕೇಳಲಾಗಲಿಲ್ಲ. ನಾನು ಕೇಳದೆಯೇ ತಾತ ಒಂದೊಂದೇ ಅಕ್ಷರ ಒತ್ತಿ ಹೇಳಿದರು.

"ಎದ್ದಿವ್ನಿ."

ನಾನು ಹಸಿರು ಗುಂಡಿ ಒತ್ತಿದೆ.